ಪಿಕಪ್‌ಗೆ ದೊಡ್ಡ ನೋಝಲ್ ಹಾಕಿಸುವ ಮೊದಲು

ತಮಾ, ಗಾಡಿಗೆ ದೊಡ್ಡ ಇಂಜೆಕ್ಟರ್ ಹಾಕಿಸಬೇಕು ಅಂತ ಗ್ಯಾರೇಜಿನಲ್ಲಿ ರೇಟು ಕೇಳಿ ಬಂದೆಯಂತೆ. ಕಾಂಕ್ರೀಟ್ ಮಿಕ್ಸರನ್ನು ಹಿಂದೆ ಕಟ್ಟಿಕೊಂಡು ದೇವಿಮನೆ ಘಾಟಿ ಹತ್ತುವಾಗ ಎಳೆತವೇ ಇಲ್ಲ, ಮೊದಲನೇ ಗೇರಿಗೆ ಇಳಿಸಿದರೂ ಏದುಸಿರು ಬಿಡುತ್ತದೆ ಅನ್ನುವುದು ನಿನ್ನ ದೂರು. ದೂರು ಸುಳ್ಳಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಪಿಕಪ್ ಇಟ್ಟುಕೊಂಡವನ ಪಾಡೇ ಹಾಗೆ. ಬೆಳಗಿನ ಜಾವ ಬಂದರಿನಿಂದ ಮೀನು, ಹಗಲು ಚಿರೆಕಲ್ಲು, ಸಂಜೆ ಶಾಮಿಯಾನದ ಸಾಮಾನು, ರಾತ್ರಿ ಆಟದ ಬಯಲಿಗೆ ಜನರೇಟರ್. ಸಮುದ್ರದ ಮಟ್ಟದಿಂದ ಹೊರಟ ಗಾಡಿ ಒಂದೇ ಉಸಿರಿಗೆ ಘಟ್ಟ ಏರಬೇಕು. ಕುಮಟಾದವನಿಗೆ ದೇವಿಮನೆ, ಹೊನ್ನಾವರದವನಿಗೆ ಗೇರುಸೊಪ್ಪೆ ದಾಟಿದ ಮೇಲಿನ ಮಲೆಮನೆ ಘಾಟಿ, ಭಟ್ಕಳದವನಿಗೆ ಕೋಗಾರ. ಇಷ್ಟು ವರ್ಷ ಡೀಸೆಲ್ ಗಾಡಿಗಳ ಜೊತೆಗೇ ಬದುಕಿದವನಾಗಿ ಕೆಲವು ಮಾತು ಹೇಳುತ್ತೇನೆ. ದುಡ್ಡು ಬಿಚ್ಚುವ ಮೊದಲು ಕೇಳಿಸಿಕೋ.

• ಮೊದಲು ಎಳೆತ ಎಲ್ಲಿ ಹೋಯಿತು ಅಂತ ಹುಡುಕು. ಗಾಡಿ ಹೊಸದಿದ್ದಾಗ ಇದೇ ಭಾರ ಹೊತ್ತು ಇದೇ ಘಾಟಿ ಹತ್ತಿತ್ತಲ್ಲ? ಹಾಗಿದ್ದರೆ ಕಂಪನಿ ಕೊಟ್ಟ ನೋಝಲ್ ಚಿಕ್ಕದಾಯಿತು ಅನ್ನುವುದು ಸರಿಯಲ್ಲ, ಇದ್ದ ಶಕ್ತಿ ಎಲ್ಲೋ ಸೋರುತ್ತಿದೆ. ಏರ್ ಫಿಲ್ಟರ್ ತೆಗೆದು ನೋಡು. ಚಿರೆಕಲ್ಲಿನ ಕ್ವಾರಿಗೆ ಹೋಗಿ ಬರುವ ಗಾಡಿಯ ಫಿಲ್ಟರಿನ ಮಡಿಕೆಗಳಲ್ಲಿ ಕೆಂಪು ಧೂಳು ಗಟ್ಟಿಯಾಗಿ ಕೂತಿರುತ್ತದೆ. ಮಳೆಗಾಲ ಬಂದರೆ ಅದೇ ಧೂಳು ತೇವ ಹೀರಿ ಕೆಸರಾಗುತ್ತದೆ. ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಆಗಲಿ ಅಂತ ಕಾಯಬೇಡ, ಕ್ವಾರಿ ಗಾಡಿಗೆ ಅದರ ಅರ್ಧಕ್ಕೇ ಬದಲಿಸು. ಆಮೇಲೆ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಪೈಪನ್ನು ಬೆರಳಿನಿಂದ ಸುತ್ತ ಸವರು. ಕ್ಲಿಪ್ಪಿನ ಹತ್ತಿರ ಎಣ್ಣೆ ಜಿಡ್ಡು ಹತ್ತಿದರೆ ಅಲ್ಲಿ ಬಿರುಕಿದೆ, ಅಲ್ಲಿಂದ ಗಾಳಿ ಹೋಗುತ್ತಿದೆ ಅಂತ ತಿಳಿ. ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸು, ಬ್ರೇಕ್ ಹಿಡಿದುಕೊಂಡಿದ್ದರೆ ಗೊತ್ತಾಗುತ್ತದೆ. ಕ್ಲಚ್ ಜಾರುತ್ತಿದೆಯೋ ನೋಡು. ಟೈರಿನ ಗಾಳಿ ನೋಡು. ಇವು ಯಾವುವೂ ದೊಡ್ಡ ಖರ್ಚಿನ ಕೆಲಸವಲ್ಲ.

• ದೊಡ್ಡ ನೋಝಲ್ ಹಾಕಿದರೆ ಏನಾಗುತ್ತದೆ ಅಂತ ಸರಿಯಾಗಿ ತಿಳಿದುಕೋ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಹೊಗೆ ಬಾರದಂತೆ ಉರಿಯಬೇಕಾದರೆ ಇನ್ನೂ ಹೆಚ್ಚು ಬೇಕು. ನೋಝಲಿನ ತೂತು ದೊಡ್ಡದು ಮಾಡಿದರೆ ಡೀಸೆಲ್ ಹೆಚ್ಚು ಬೀಳುತ್ತದೆ, ಗಾಳಿ ಮಾತ್ರ ಅಷ್ಟೇ ಇರುತ್ತದೆ. ಊದುಗೊಳವೆ ಮುಟ್ಟದೆ ಒಲೆಗೆ ಸೌದೆ ತುರುಕಿದರೆ ಅಡುಗೆಮನೆ ಹೊಗೆಯಾಗುವುದಿಲ್ಲವೇ, ಅದೇ ಕಥೆ. ಸಮತಟ್ಟಾದ ಹೈವೇಯಲ್ಲಿ ಆಕ್ಸಿಲೇಟರ್ ಒತ್ತಿದ ಕೂಡಲೇ ಗಾಡಿ ಜಿಗಿದಂತೆ ಅನಿಸಬಹುದು. ಎಂಜಿನ್ನಿನ ಒಳಗೆ ಏನಾಗುತ್ತಿದೆ ಎಂಬುದು ಗೊತ್ತಾಗುವುದು ಘಾಟಿಯಲ್ಲಿ. ಭಾರ ಎಳೆಯುತ್ತ ನಿಧಾನಕ್ಕೆ ಏರುವಾಗ ರೇಡಿಯೇಟರಿಗೆ ಎದುರು ಗಾಳಿ ಸಿಗದು, ಎಂಜಿನ್ ಬಹಳ ಹೊತ್ತು ಪೂರ್ತಿ ಒತ್ತಡದಲ್ಲೇ ಇರುತ್ತದೆ, ಹೆಚ್ಚಾಗಿ ಬಿದ್ದ ಡೀಸೆಲ್ ತಡವಾಗಿ ಉರಿದು ಸೈಲೆನ್ಸರ್ ಕಡೆಯ ಬಿಸಿ ಏರುತ್ತದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮಿಶ್ರಲೋಹ ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಪಿಸ್ಟನ್ ತಲೆ ಸುಟ್ಟ ಎಂಜಿನ್ ಬಿಚ್ಚಿ ನೋಡಿದವನಿಗೆ ದೊಡ್ಡ ನೋಝಲಿನ ಆಸೆ ಮತ್ತೆ ಬರುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಹೆಚ್ಚಾಗಿ ಓಡುವ ಬೊಲೆರೋ ಪಿಕಪ್‌ನ 2,523 ಸಿಸಿ ಎಂಜಿನ್ ಸುಮಾರು 75 ಅಶ್ವಶಕ್ತಿಯದು, 200 ನ್ಯೂಟನ್ ಮೀಟರ್ ಟಾರ್ಕಿನದು. ಕ್ಲಚ್ ಪ್ಲೇಟ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ರೇಡಿಯೇಟರ್ ಎಲ್ಲವನ್ನೂ ಆ ಲೆಕ್ಕಕ್ಕೇ ಕೂರಿಸಿರುತ್ತಾರೆ. ನೋಝಲ್ ಒಂದನ್ನೇ ಬದಲಿಸಿದರೆ ಉಳಿದದ್ದು ಒಂದೊಂದಾಗಿ ಸೋಲುತ್ತ ಬರುತ್ತದೆ.

• ನಿನ್ನ ಗಾಡಿ ಹಳೇ ಪಂಪಿನದೋ ಕಾಮನ್ ರೇಲ್‌ನದೋ ನೋಡಿಕೊಂಡು ಮಾತಾಡು. ಹಳಬರು ಹೇಳುವ ಉಪಾಯಗಳೆಲ್ಲ ಮೈಕೋ ಕಾಲದವು. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹಾಕಿತು. ಅದರ ಪಂಪು, ನೋಝಲುಗಳೇ ನಮ್ಮ ಲಾರಿ, ಜೀಪು, ಬೋಟುಗಳನ್ನೆಲ್ಲ ಓಡಿಸಿದವು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಅಂತಾದರೂ ಗ್ಯಾರೇಜಿನಲ್ಲಿ ಇವತ್ತಿಗೂ ಮೈಕೋ ಅಂತಲೇ ಕೇಳುತ್ತಾರೆ. ಆ ನೋಝಲ್ ಸುಮಾರು 200 ಬಾರ್ ಒತ್ತಡಕ್ಕೆ ತೆರೆದುಕೊಳ್ಳುತ್ತಿತ್ತು. ಬೆಂಚಿನ ಮೇಲೆ ಕೈಪಂಪಿಗೆ ಕಟ್ಟಿ, ಮಂಜಿನ ಹಾಗೆ ಸಿಡಿಯುತ್ತದೋ ಹನಿ ಇಕ್ಕುತ್ತದೋ ನೋಡಿ, ಶಿಮ್ ಹಾಕಿ ಸರಿ ಮಾಡುತ್ತಿದ್ದರು. ಕಾಮನ್ ರೇಲ್‌ನಲ್ಲಿ ಒತ್ತಡ 1,600 ಬಾರ್ ಆಸುಪಾಸು. ಒಳಗಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್. ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇದೆ, ಲೆಕ್ಕ ಹಾಕು. ಎಷ್ಟು ಡೀಸೆಲ್ ಬೀಳಬೇಕು, ಯಾವಾಗ ಬೀಳಬೇಕು ಅನ್ನುವುದನ್ನು ಕಂಪ್ಯೂಟರ್ ಹೇಳುತ್ತದೆ. ಅದಕ್ಕೆ ತಿಳಿಸದೆ ನೋಝಲ್ ದೊಡ್ಡದು ಮಾಡಿದರೆ ಅದು ಹಳೇ ಲೆಕ್ಕದಲ್ಲೇ ಬಾಗಿಲು ತೆರೆದು ಮುಚ್ಚುತ್ತಿರುತ್ತದೆ. ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತದೆ, ಹೊಗೆ ಬರುತ್ತದೆ, ಮೈಲೇಜ್ ಬೀಳುತ್ತದೆ.

• 2020ರ ಏಪ್ರಿಲ್ 1ರ ನಂತರದ ಬಿಎಸ್ 6 ಗಾಡಿಯಾಗಿದ್ದರೆ ಈ ಯೋಚನೆಯನ್ನೇ ಬಿಡು. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಸೈಲೆನ್ಸರಿನಲ್ಲೇ ಇದೆ. ಹೆಚ್ಚು ಮಸಿ ಹೋದರೆ ಅದು ಕಟ್ಟಿಕೊಂಡು ಎಂಜಿನ್ ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತದೆ. ಎಳೆತ ಬೇಕು ಅಂತ ಮಾಡಿದ ಕೆಲಸದಿಂದಲೇ ಎಳೆತ ಹೋಗುತ್ತದೆ.

• ಇಂಜೆಕ್ಟರನ್ನು ಕೊಲ್ಲುವುದು ನೀರು. ನಮ್ಮ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ಶತ್ರು ಬೇರೆ ಇಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಊರು, ಉಳಿದ ದಿನ ಉಪ್ಪುಗಾಳಿ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೆ ರಾತ್ರಿಯ ತಂಪಿಗೆ ತೇವ ಕಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲಿಗಿಂತ ಭಾರ, ತಳದಲ್ಲೇ ಕೂರುತ್ತದೆ. ತಳಕ್ಕೆ ತುಕ್ಕು ಹಿಡಿಯುತ್ತದೆ.

ಒಂದು ಪರೀಕ್ಷೆ ಹೇಳುತ್ತೇನೆ, ಇವತ್ತೇ ಮಾಡು. ಡೀಸೆಲ್ ಫಿಲ್ಟರಿನ ಅಡಿಯಲ್ಲಿರುವ ನೀರು ಬಿಡುವ ತಿರುಪನ್ನು ಸಡಿಲಿಸಿ, ಬರುವುದನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಹಿಡಿ. ಕದಲದ ಜಾಗದಲ್ಲಿ ರಾತ್ರಿಯಿಡೀ ಇಡು. ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ ಮೇಲೆ ಹೊನ್ನಿನ ಬಣ್ಣದ ಡೀಸೆಲ್, ಕೆಳಗೆ ಗೆರೆ ಎಳೆದ ಹಾಗೆ ನೀರು, ನೀರಿನ ಅಡಿಯಲ್ಲಿ ನಸ್ಯದಷ್ಟು ನುಣ್ಣಗಿನ ಕಂದು ಪುಡಿ ಕಾಣಬಹುದು. ಆ ಪುಡಿ ಟ್ಯಾಂಕಿನ ತುಕ್ಕು. ಎರಡು ಮೂರು ಮೈಕ್ರಾನ್ ಸಂದಿಗೆ ಅದು ಹೊಕ್ಕರೆ ಏನು ಮಾಡುತ್ತದೆ ಅಂತ ನಾನು ಬೇರೆ ಹೇಳಬೇಕಿಲ್ಲ. ಡೀಸೆಲ್ ತಿಳಿಯಾಗಿದ್ದರೆ ಒಳ್ಳೆಯದು. ಕಂದು ಪುಡಿ ಕಂಡರೆ ಟ್ಯಾಂಕ್ ಇಳಿಸಿ ತೊಳೆಸುವವರೆಗೆ ಹೊಸ ಇಂಜೆಕ್ಟರ್ ಹಾಕಿಸಲೇಬೇಡ. ಹಾಕಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಆ ತಿರುಪಿನಿಂದ ನೀರು ಬಿಡು, ರಾತ್ರಿ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸು.

• ಬೋಟಿನ ಡ್ರಮ್ಮಿನ ಡೀಸೆಲ್ ಪಿಕಪ್ಪಿಗೆ ಬೇಡ. ಮೀನುಗಾರರ ಬೋಟುಗಳಿಗೆ ಸರ್ಕಾರ ಮಾರಾಟ ತೆರಿಗೆ ಬಿಟ್ಟು ಕೊಡುವ ಡೀಸೆಲ್ ಅದು. ಕಡಲಿಗೆ ಹೋಗುವವನ ಪಾಲು. ರಸ್ತೆಯ ಗಾಡಿಗೆ ಸುರಿಯುವುದು ತಪ್ಪು ಅನ್ನುವುದು ಒಂದು ಕಡೆ. ಕಾಸರಕೋಡ ಟೊಂಕದಲ್ಲೋ ತದಡಿಯಲ್ಲೋ ಮಾವಿನಕುರ್ವೆಯಲ್ಲೋ ಧಕ್ಕೆಯ ಮೇಲೆ ಬಾಯಿ ತೆರೆದು ನಿಂತ ಡ್ರಮ್ಮಿಗೆ ಉಪ್ಪುನೀರಿನ ಹನಿ ಸೇರದೆ ಇರುವುದಿಲ್ಲ ಅನ್ನುವುದು ಇನ್ನೊಂದು ಕಡೆ. ಬೋಟಿನ ದೊಡ್ಡ ಎಂಜಿನ್ ಅದನ್ನು ಹೇಗೋ ತಾಳಿಕೊಳ್ಳಬಹುದು, ಕಾಮನ್ ರೇಲ್ ತಾಳುವುದಿಲ್ಲ. ಸೀಮೆಎಣ್ಣೆ ಬೆರೆಸುವವರ ಮಾತನ್ನಂತೂ ಕಿವಿಗೇ ಹಾಕಿಕೊಳ್ಳಬೇಡ. ಪಂಪಿಗೂ ಇಂಜೆಕ್ಟರಿಗೂ ಡೀಸೆಲಿನ ಜಿಡ್ಡೇ ಆಯಿಲ್. ಸೀಮೆಎಣ್ಣೆಯಲ್ಲಿ ಆ ಜಿಡ್ಡಿಲ್ಲ. ಲೋಹಕ್ಕೆ ಲೋಹ ಉಜ್ಜಿ ಸವೆದ ಪುಡಿ ರೇಲಿನುದ್ದಕ್ಕೂ ಹರಡಿದರೆ ಪಂಪು, ರೇಲು, ನಾಲ್ಕೂ ಇಂಜೆಕ್ಟರು ಒಟ್ಟಿಗೇ ಹೋಗುತ್ತವೆ.

• ಬಂಕಿನಲ್ಲಿ ಟ್ಯಾಂಕರ್ ಇಳಿಸುತ್ತಿದ್ದರೆ ಮುಂದಿನ ಬಂಕಿಗೆ ಹೋಗು. ತಳದ ಗಸಿ ಎದ್ದಿರುತ್ತದೆ.

• ಡೀಸೆಲ್ ಫಿಲ್ಟರ್ ಅಸಲಿಯದೇ ಇರಲಿ. ಡಬ್ಬಿಯ ಮೇಲಿನ ಅಚ್ಚು ನೋಡಿ ಮೋಸ ಹೋಗಬೇಡ, ಬಿಲ್ ಕೊಡುವ ಅಂಗಡಿಯಲ್ಲಿ ತೆಗೆದುಕೋ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿಸಿ ಕೂರಿಸುವ ಅಭ್ಯಾಸ ಹಲವು ಮೆಕ್ಯಾನಿಕರಿಗಿದೆ. ಸುರಿದ ಆ ಡೀಸೆಲ್ ಸೋಸದೆಯೇ ಪಂಪಿಗೆ ಹೋಗಬಹುದು. ಖಾಲಿ ಕೂರಿಸಿ ಕೈಪಂಪು ಒತ್ತಿ ಏರ್ ತೆಗೆಯಲು ಹೇಳು, ಹತ್ತು ನಿಮಿಷ ಹೆಚ್ಚು ಹಿಡಿಯಲಿ.

• ಇಂಜೆಕ್ಟರ್ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ ತೋರಿಸು ಅನ್ನು. ಕಾಮನ್ ರೇಲ್ ಇಂಜೆಕ್ಟರಿಗೆ ವಾಪಸು ಹೋಗುವ ಸಣ್ಣ ಪೈಪೊಂದಿದೆ. ಪರೀಕ್ಷೆಗೆಂದೇ ಬರುವ ಕಿಟ್‌ನಲ್ಲಿ ನಾಲ್ಕು ಪಾರದರ್ಶಕ ನಳಿಕೆ, ನಾಲ್ಕು ಅಳತೆ ಬಾಟಲಿ ಇರುತ್ತವೆ. ನಾಲ್ಕಕ್ಕೂ ಕಟ್ಟಿ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟರೆ ಚೆನ್ನಾಗಿರುವ ಇಂಜೆಕ್ಟರುಗಳಿಂದ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಡೀಸೆಲ್ ಬರುತ್ತದೆ. ಒಂದು ಬಾಟಲಿ ಮಾತ್ರ ಬೇಗ ಬೇಗ ತುಂಬುತ್ತಿದ್ದರೆ ಆ ಇಂಜೆಕ್ಟರಿನ ಒಳಗೆ ಸವೆದಿದೆ. ರೇಲಿನ ಒತ್ತಡ ಅಲ್ಲಿಂದ ಸೋರುತ್ತಿದೆ. ಬಿಸಿ ಎಂಜಿನ್ ಸ್ಟಾರ್ಟ್ ಆಗಲು ತಡ ಮಾಡುವುದಕ್ಕೂ, ಏರಿನಲ್ಲಿ ಎಳೆತ ಬೀಳುವುದಕ್ಕೂ ಇದು ಸಾಮಾನ್ಯ ಕಾರಣ. ಅರ್ಧ ಗಂಟೆಯ ಈ ಕೆಲಸ ಮಾಡದೆ ನಾಲ್ಕೂ ಬದಲಿಸು ಅನ್ನುವವನ ಗ್ಯಾರೇಜಿಗೆ ಗಾಡಿ ಬಿಡಬೇಡ.

• ಇದನ್ನು ಮಾತ್ರ ಎದೆಗೆ ಬರೆದುಕೋ. ಎಂಜಿನ್ ಓಡುತ್ತಿರುವಾಗ ಪೈಪಿನಿಂದ ಡೀಸೆಲ್ ಎಲ್ಲಿ ಜಿನುಗುತ್ತಿದೆ ಅಂತ ಕೈಯಿಂದ ಮುಟ್ಟಿ ಹುಡುಕಬೇಡ. ಹಳೇ ಗಾಡಿಯಲ್ಲಿ ಒಂದೊಂದೇ ನೋಝಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ನೋಡುವ ಪದ್ಧತಿ ಇತ್ತು. ಕಾಮನ್ ರೇಲ್‌ನಲ್ಲಿ ಹಾಗೆ ಮಾಡುವುದು ಪ್ರಾಣಕ್ಕೆ ಎರವು. 1,600 ಬಾರ್ ಒತ್ತಡದ ಎಳೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ, ಕೈಗವಸೂ ತಡೆಯುವುದಿಲ್ಲ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಒಳಗೆ ಡೀಸೆಲ್ ಹರಡಿ ಮಾಂಸ ಸಾಯುತ್ತಿರುತ್ತದೆ. ಹೀಗಾದರೆ ಅರಿಶಿನ ಮೆತ್ತಿ ಮನೆಗೆ ಹೋಗಿ ಮಲಗಬಾರದು. ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕು, ತಡವಾದರೆ ಬೆರಳೋ ಕೈಯೋ ತೆಗೆಯಬೇಕಾಗುತ್ತದೆ. ನಮ್ಮ ಕಡೆಯವರು ಇಂಥ ಚಿಕಿತ್ಸೆಗೆ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು, ದಾರಿಯಲ್ಲೇ ಗಂಟೆಗಳು ಹೋಗುತ್ತವೆ. ಸೋರುವ ಜಾಗ ನೋಡಬೇಕಾದರೆ ರಟ್ಟಿನ ತುಂಡು ಹಿಡಿ, ಕಣ್ಣಿಗೆ ಕನ್ನಡಕ ಹಾಕು. ಪೈಪು ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸಿ ಒತ್ತಡ ಇಳಿಯಲು ಬಿಡು. ನಿನ್ನ ಕ್ಲೀನರ್ ಹುಡುಗನಿಗೂ ಇದನ್ನು ಹೇಳಿಕೊಡು.

• ಪರೀಕ್ಷೆಯಲ್ಲಿ ಸವೆದದ್ದು ಖಾತ್ರಿಯಾದರೆ ಬದಲಿಸು, ಆದರೆ ಕಂಪನಿಯ ಅದೇ ನಂಬರಿನದು. ಬೆಂಚ್ ಮೇಲೆ ಪರೀಕ್ಷಿಸುವ ಯಂತ್ರ ಹತ್ತಿರ ಇಲ್ಲದಿದ್ದರೆ ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸಲಿ, ಎರಡು ದಿನ ಗಾಡಿ ನಿಂತರೂ ಚಿಂತೆಯಿಲ್ಲ. ರೀಕಂಡೀಷನ್ ಮಾಡಿದ್ದು ತೆಗೆದುಕೊಳ್ಳುವುದಾದರೆ ಪರೀಕ್ಷೆಯ ಚೀಟಿ ಕೇಳಿ ಪಡೆ. ಐಡ್ಲಿಂಗ್‌ನಲ್ಲಿ ಎಷ್ಟು, ಪೂರ್ತಿ ಭಾರದಲ್ಲಿ ಎಷ್ಟು, ವಾಪಸು ಎಷ್ಟು ಅಂತ ಅದರಲ್ಲಿ ಇರಬೇಕು. ಕೂರಿಸುವಾಗ ಅಡಿಯ ತಾಮ್ರದ ವಾಷರ್ ಹೊಸದೇ ಹಾಕಿಸು. ಹತ್ತಾರು ರೂಪಾಯಿಯ ಆ ವಾಷರನ್ನು ಮತ್ತೆ ಬಳಸಿದರೆ ಸಿಲಿಂಡರಿನ ಬಿಸಿ ಗಾಳಿ ಅಡಿಯಿಂದ ಹಾದು ಇಂಜೆಕ್ಟರಿನ ಸುತ್ತ ಡಾಂಬರಿನಂಥ ಕರಿ ಗಟ್ಟಿಯಾಗುತ್ತದೆ, ಮುಂದೆ ಬಿಚ್ಚಲು ಹೋದರೆ ಹೆಡ್ಡೇ ಇಳಿಸಬೇಕಾಗುತ್ತದೆ. ಕ್ಲಾಂಪಿನ ಬೋಲ್ಟನ್ನು ಅಂದಾಜಿನಲ್ಲಿ ಬಿಗಿಯಬಾರದು, ಟಾರ್ಕ್ ಪಾನಾ ಬೇಕು. ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ, ಅಂಕಿಗಳ ಕೋಡ್ ಇರುತ್ತದೆ. ಅದನ್ನು ಸ್ಕ್ಯಾನರ್ ಹಚ್ಚಿ ಕಂಪ್ಯೂಟರಿಗೆ ಬರೆಸಲೇಬೇಕು. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ನಾಲ್ಕರ ಫೋಟೋ ತೆಗೆದಿಟ್ಟುಕೋ. ಕೋಡ್ ಬರೆಸದೆ ‘ಓಡಿಸಿ ಓಡಿಸಿ ಸರಿಯಾಗುತ್ತದೆ’ ಅಂದರೆ ನಂಬಬೇಡ.

• ಮೀನಿನ ಪೆಟ್ಟಿಗೆಯಿಂದ ಸೋರುವ ಐಸ್ ನೀರು ಚಾಸಿಯ ಮೇಲೆ ಬೀಳದಂತೆ ನೋಡಿಕೋ. ಉಪ್ಪಿನ ನೀರು ಟ್ಯಾಂಕಿನ ಪಟ್ಟಿ, ಡೀಸೆಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಎಲ್ಲವನ್ನೂ ತಿನ್ನುತ್ತದೆ. ಡಾಲೆಯ ತಳಕ್ಕೆ ಒಂದೇ ಕಡೆ ತೂತು ಬಿಟ್ಟು ನಳಿಕೆಯಲ್ಲಿ ಕ್ಯಾನಿಗೆ ಇಳಿಸು. ಬಾಡಿಗೆ ಮುಗಿಸಿ ಬಂದವನು ಎಷ್ಟೇ ದಣಿದಿದ್ದರೂ ಅಡಿಗೆ ಸಿಹಿನೀರು ಹೊಡೆದೇ ಮಲಗಬೇಕು.

• ಕಾನೂನು ಗೊತ್ತಿರಲಿ. ಕೆಎ 47 ಬೋರ್ಡಿನ ಗಾಡಿ ಹೊನ್ನಾವರದ ಆರ್‌ಟಿಒ ಕಚೇರಿಗೆ ಎಫ್‌ಸಿಗೆ ಹೋಗಲೇಬೇಕಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಿದೆ. ಹೆಚ್ಚು ಭಾರ ಹೇರಿದರೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಅಪಘಾತವಾದ ಮೇಲೆ ವಿಮೆಯವರು ಮಾರ್ಪಾಟು ಕಂಡು ತಕರಾರು ತೆಗೆದರೆ ನಿನ್ನ ಪರ ಮಾತಾಡಲು ಯಾರೂ ಬರುವುದಿಲ್ಲ.

• ಎಳೆಯುವ ಕೆಲಸದಲ್ಲಿ ಹತ್ತುವುದರಷ್ಟೇ ಇಳಿಯುವುದೂ ಮುಖ್ಯ. ನಾಲ್ಕು ಜನ ಕೂತಾಗ ಎಲ್ಲರ ಮಾತೂ ಎಳೆತದ ಬಗ್ಗೆಯೇ. ದೇವಿಮನೆಯಿಂದ ಕುಮಟಾ ಕಡೆಗೆ, ಮಾವಿನಗುಂಡಿಯಿಂದ ಗೇರುಸೊಪ್ಪೆ ಕಡೆಗೆ ಇಳಿಯುವಾಗ ಹಿಂದೆ ಕಟ್ಟಿದ ಮಿಕ್ಸರ್ ನಿನ್ನನ್ನು ತಳ್ಳುತ್ತದೆ. ಬಹಳಷ್ಟು ಮಿಕ್ಸರುಗಳಿಗೆ ಬ್ರೇಕೇ ಇರುವುದಿಲ್ಲ; ಆ ಭಾರವನ್ನೂ ನಿನ್ನ ಪಿಕಪ್ಪಿನ ಬ್ರೇಕೇ ತಡೆಯಬೇಕು. ಹತ್ತಿದ ಗೇರಿನಲ್ಲೇ ಇಳಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುತ್ತೇನೆ ಅನ್ನುವುದು ಬರೀ ಭ್ರಮೆ: ಕಾಮನ್ ರೇಲ್ ಗಾಡಿ ಗೇರಿನಲ್ಲಿ ಆಕ್ಸಿಲೇಟರ್ ಬಿಟ್ಟು ಇಳಿಯುವಾಗ ಇಂಜೆಕ್ಟರ್ ಡೀಸೆಲನ್ನೇ ಬಿಡುವುದಿಲ್ಲ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಲು ಬಿಡುತ್ತದೆ. ಬ್ರೇಕ್ ಕಮಟು ವಾಸನೆ ಬಂದರೆ ಅಗಲ ಇರುವಲ್ಲಿ ನಿಲ್ಲಿಸಿ ಆರಲು ಬಿಡು, ಬಿಸಿ ಡ್ರಮ್ಮಿನ ಮೇಲೆ ನೀರು ಸುರಿಯಬೇಡ.

ಕೆಟ್ಟು ನಿಂತ ಕಾರನ್ನು ಹಗ್ಗ ಕಟ್ಟಿ ಎಳೆಯಲು ಕರೆಯುತ್ತಾರೆ. ಎರಡು ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಬಾರದು ಅಂತ ನಿಯಮವಿದೆ. ಅದಕ್ಕಿಂತ ಮುಖ್ಯವಾದದ್ದು, ಎಂಜಿನ್ ಬಂದಾದ ಕಾರಿಗೆ ಪವರ್ ಬ್ರೇಕೂ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ. ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಹೆದ್ದಾರಿ 66ರ ಸಮತಟ್ಟಿನಲ್ಲಿ ಹತ್ತಿರದ ಗ್ಯಾರೇಜಿನವರೆಗೆ ಆದೀತು, ಘಾಟಿ ಇಳಿಜಾರಿನಲ್ಲಿ ಹಗ್ಗ ಕಟ್ಟಿ ಯಾರ ಗಾಡಿಯನ್ನೂ ತರಬೇಡ. ಗಾಡಿಯನ್ನೇ ಎತ್ತಿ ಹೊತ್ತು ತರುವ ವಾಹನ ಕರೆಸು ಅನ್ನು. ಬಾಡಿಗೆ ತಪ್ಪಿದರೆ ತಪ್ಪಲಿ.

• ಇಷ್ಟೆಲ್ಲ ಸರಿಯಾದ ಮೇಲೂ ಗಾಡಿ ಹತ್ತುವುದಿಲ್ಲ ಅಂದರೆ ಆ ಕೆಲಸಕ್ಕೆ ಆ ಗಾಡಿ ಸಾಲದು. ಮಿಕ್ಸರ್ ಎಳೆದ ದಿನ ಹಿಂದೆ ಸಿಮೆಂಟ್ ಚೀಲ ಹೇರಬೇಡ, ಎರಡು ಟ್ರಿಪ್ ಮಾಡು. ಘಟ್ಟದ ಮೇಲಿನ ಬಾಡಿಗೆ ದಿನಾ ಸಿಗುವುದಾದರೆ ದೊಡ್ಡ ಗಾಡಿಯ ಲೆಕ್ಕ ಹಾಕು. ಇಂಜೆಕ್ಟರಿಗೆ, ಕಂಪ್ಯೂಟರಿನ ಲೆಕ್ಕ ಬದಲಿಸುವ ರೀಮ್ಯಾಪಿಗೆ, ಕ್ಲಚ್ಚಿಗೆ, ಕೊನೆಗೆ ಎಂಜಿನ್ ಕೆಲಸಕ್ಕೆ ಸುರಿಯುವ ದುಡ್ಡು ಅದರ ಮುಂಗಡಕ್ಕೆ ಆಗುತ್ತದೆ.

• ಕೆಲಸ ಮಾಡಿಸುವುದಾದರೆ ಜೂನ್ ಮೊದಲ ವಾರದಲ್ಲೇ ಗಾಡಿ ಬಿಡು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ; ಮೀನಿನ ಬಾಡಿಗೆ ಹೇಗೂ ಇರುವುದಿಲ್ಲ. ಮಳೆಯಲ್ಲಿ ಕಾಂಕ್ರೀಟ್ ಕೆಲಸವೂ ಕಡಿಮೆ. ಟ್ಯಾಂಕ್ ತೊಳೆಸು, ಎರಡೂ ಫಿಲ್ಟರ್ ಬದಲಿಸು, ವಾಪಸು ಡೀಸೆಲಿನ ಪರೀಕ್ಷೆ ಮಾಡಿಸು, ಬ್ರೇಕ್ ಬಿಚ್ಚಿಸು. ಜುಲೈ ಕೊನೆಯವರೆಗೆ ಕಾದರೆ ಬೋಟಿನ ಎಂಜಿನ್ನುಗಳ ಕೆಲಸವೂ ಅದೇ ಮೆಕ್ಯಾನಿಕರ ಮೇಲೆ ಬಿದ್ದಿರುತ್ತದೆ, ನಿನ್ನ ಗಾಡಿಯನ್ನು ನಿಗಾ ಇಟ್ಟು ನೋಡಲು ಅವರಿಗೆ ಪುರುಸೊತ್ತಿರುವುದಿಲ್ಲ.